ನಾನು ಬರೆದ ಏಳು ಓವರು

ಅಪ್ಪಾಜಿಯ ಬಲಗಣ್ಣಿನ ಪೊರೆ ತೆಗೆಸಿದ ವಾರವೇ ನಮ್ಮ ದೇಶದ ಕ್ರಿಕೆಟ್ ತಂಡ ಮೂರು ಒಂದು ದಿನದ ಪಂದ್ಯ ಆಡಲು ಆಫ್ರಿಕಾಕ್ಕೆ ಹೋಗಿತ್ತು. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಇಂಥ ಸಣ್ಣ ಪ್ರವಾಸಗಳು ಆಗ ಬಹಳ. ತಂಡ ಯಾವಾಗ ಹೋಯಿತು, ಯಾವಾಗ ಬಂತು ಎಂಬುದು ಎಷ್ಟೋ ಜನಕ್ಕೆ ನೆನಪಿರುತ್ತಿರಲಿಲ್ಲ. ಅಪ್ಪಾಜಿಗೆ ಮಾತ್ರ ಯಾವ ಪಂದ್ಯವೂ ಸಣ್ಣದಲ್ಲ.

ಅವರು ದಾವಣಗೆರೆಯ ಕಾಟನ್ ಮಿಲ್ಲೊಂದರಲ್ಲಿ ಹಾಜರಿ ನೋಡುವ ಟೈಮ್ ಆಫೀಸಿನಲ್ಲಿ ಗುಮಾಸ್ತರಾಗಿದ್ದವರು. ಮಿಲ್ಲಿನದೇ ಒಂದು ತಂಡ ಇದ್ದ ಕಾಲದಲ್ಲಿ ಭಾನುವಾರ ಹೈಸ್ಕೂಲ್ ಫೀಲ್ಡಿನಲ್ಲಿ ಕೂತು ಅದರ ಸ್ಕೋರು ಬರೆಯುತ್ತಿದ್ದರು. ಮಿಲ್ಲು ಮುಚ್ಚಿತು, ತಂಡ ಚದುರಿತು, ಬರೆಯುವ ಚಟ ಉಳಿಯಿತು. ರೇಡಿಯೋ ಪಕ್ಕ ಕೂತು ಭಾರತ ಆಡಿದ ಪಂದ್ಯಗಳ ಒಂದೊಂದು ಎಸೆತವನ್ನೂ ಉದ್ದ ನೋಟ್‌ಬುಕ್ಕಿನ ಚೌಕಗಳಲ್ಲಿ ತುಂಬುತ್ತಿದ್ದರು. ರನ್ ಬರದ ಎಸೆತಕ್ಕೆ ಚುಕ್ಕೆ, ವಿಕೆಟ್ ಬಿದ್ದರೆ ಕೆಂಪು ಶಾಯಿ. ಅಂಥ ನೋಟ್‌ಬುಕ್ಕುಗಳು ಮಂಚದ ಕೆಳಗಿನ ಟ್ರಂಕಿನ ತುಂಬ ಇದ್ದವು. ಯಾರೂ ಅವನ್ನು ತೆರೆದು ನೋಡಿದ್ದನ್ನು ನಾನು ಕಂಡಿಲ್ಲ.

ಈಗ ಒಂದು ಕಣ್ಣಿಗೆ ಪಟ್ಟಿ, ಇನ್ನೊಂದರಲ್ಲೂ ಪೊರೆ. ಒಂದು ತಿಂಗಳು ಓದು, ಬರಹ, ಟಿವಿ ಯಾವುದೂ ಕೂಡದೆಂದು ಡಾಕ್ಟರು ಹೇಳಿದ್ದರು.

"ನೀ ಬರಿಯವ್ವಾ," ಎಂದರು ಅಪ್ಪಾಜಿ. "ಹೆಂಗೆ ಅಂತ ನಾ ಹೇಳ್ಕೊಡ್ತೀನಿ. ಮೂರೇ ಮ್ಯಾಚು."

ಒಲ್ಲೆ ಎನ್ನಲು ಬಾಯಿ ಬರಲಿಲ್ಲ. ನನಗಾಗ ಮೂವತ್ತೆರಡು. ಹರಿಹರದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಹಿಂದಿ ಟೀಚರು. ಸರಸ್ವತಿ ನಗರದ ನಮ್ಮ ಮನೆಯಲ್ಲಿ ನಾವು ಮೂರೇ ಜನ. ಅವ್ವನಿಗೆ ಮಂಡಿ ನೋವು, ಕೂತರೆ ಏಳಲಾಗದು. ನಾಲ್ಕೂವರೆಗೆ ಎದ್ದು ನೀರು ಹಿಡಿದು, ರೊಟ್ಟಿ ಬಡಿದು, ಅಪ್ಪಾಜಿಯ ಕಣ್ಣಿಗೆ ಔಷಧಿ ಬಿಟ್ಟು, ಎಂಟೂವರೆಯ ಬಸ್ಸು ಹಿಡಿಯಬೇಕು. ಹರಿಹರ ದೂರವೇನಲ್ಲ. ಆದರೆ ಆ ಬಸ್ಸಿನಲ್ಲಿ ಕೂತು ಹೋದ ದಿನಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಅದೇ ವಾರ ಅರ್ಧವಾರ್ಷಿಕ ಪರೀಕ್ಷೆಯೂ ಶುರುವಾಗಿ, ತಿದ್ದಬೇಕಾದ ಉತ್ತರ ಪತ್ರಿಕೆಗಳ ಕಟ್ಟು ನನ್ನ ಜೊತೆ ಮನೆಗೂ ಶಾಲೆಗೂ ಓಡಾಡುತ್ತಿತ್ತು.

ಮೊದಲೆರಡು ಪಂದ್ಯ ಶನಿವಾರ, ಭಾನುವಾರ. ಮಧ್ಯಾಹ್ನ ಶುರುವಾದರೆ ರಾತ್ರಿ ಊಟದ ಹೊತ್ತಿಗೆ ಮುಗಿಯುತ್ತಿದ್ದವು. ಅಪ್ಪಾಜಿ ಗೋಡೆಗೆ ಒರಗಿ, ಗದ್ದ ಮೇಲೆತ್ತಿ ಕೂತು ಕೇಳುವರು. ನಾನು ಚಾಪೆಯ ಮೇಲೆ ನೋಟ್‌ಬುಕ್ ಹರವಿಕೊಂಡು ಬರೆಯುವೆ. ಒಂದು ಎಸೆತ ತಪ್ಪಿದರೂ ಅವರಿಗೆ ಗೊತ್ತಾಗುತ್ತಿತ್ತು.

"ಅದು ಲೆಗ್‌ಬೈ. ಬ್ಯಾಟ್ಸ್‌ಮನ್ ಲೆಕ್ಕಕ್ಕೆ ಹಾಕಿದೆಯೇನು?"

"ಹಾಕಿಲ್ಲ ಅಪ್ಪಾಜಿ."

ಹಾಕಿರುತ್ತಿದ್ದೆ. ಮೆಲ್ಲಗೆ ಹೊಡೆದುಹಾಕುತ್ತಿದ್ದೆ. ಎರಡೂ ಪಂದ್ಯ ನಾವೇ ಗೆದ್ದೆವು. ಗೆದ್ದ ಖುಷಿಗಿಂತ ಬೆನ್ನು ನೆಲಕ್ಕೆ ತಾಗಿಸುವ ಆತುರವೇ ನನಗೆ ಹೆಚ್ಚಾಗಿತ್ತು.

ಮೂರನೆಯದು ಬುಧವಾರ. ಪರೀಕ್ಷೆ ಮುಗಿಸಿ, ಬಸ್ಸಿನಲ್ಲಿ ನಿಂತು ಬಂದು ಮನೆ ಮುಟ್ಟುವಾಗ ಎರಡೂವರೆ. ಚಪ್ಪಲಿ ಬಿಡುವ ಮೊದಲೇ ಒಳಗಿನಿಂದ ಕೂಗಿದರು.

"ಲಗೂ ಬಾರವ್ವಾ, ಮರೆತು ಹೋಗ್ತೈತೆ!"

ನಾನಿಲ್ಲದ ಅಷ್ಟೂ ಹೊತ್ತು ಅವರು ಎಸೆತಗಳನ್ನು ಬಾಯಿಪಾಠ ಮಾಡಿಟ್ಟುಕೊಂಡಿದ್ದರು. ಒಂದನೇ ಓವರಿನಿಂದ ಹದಿನೇಳರವರೆಗೆ. ಚುಕ್ಕೆ, ಚುಕ್ಕೆ, ಒಂದು, ನಾಲ್ಕು, ಚುಕ್ಕೆ, ವೈಡ್. ರೇಡಿಯೋದಲ್ಲಿ ಹೊಸ ಓವರು ನಡೆಯುತ್ತಿದ್ದರೆ ಇವರ ಬಾಯಲ್ಲಿ ಹಳೆಯವು. ಬೆವರಿದ ಸೀರೆಯಲ್ಲೇ ಕೂತು ಎರಡನ್ನೂ ಬರೆದೆ. ಅವ್ವ ಅಡುಗೆಮನೆಯಿಂದ, "ಅದಕ್ಕೊಂದು ತುತ್ತು ಅನ್ನ ಆದ್ರೂ ತಿನ್ನಾಕ ಬಿಡ್ರಿ," ಎಂದಳು. ಅಪ್ಪಾಜಿಗೆ ಕೇಳಿಸಲಿಲ್ಲ. ಲೆಕ್ಕ ಹಾಕಿ ನೋಡಿದರೆ ಹದಿನೇಳು ಓವರಿನಲ್ಲಿ ಒಂದು ರನ್ ಮಾತ್ರ ತಾಳೆಯಾಗಲಿಲ್ಲ.

ಸಂಜೆ ನಮ್ಮವರ ಬ್ಯಾಟಿಂಗ್. ಹಿಂದಿನ ರಾತ್ರಿ ಕಣ್ಣು ಚುಚ್ಚಿ ಅಪ್ಪಾಜಿ ನಿದ್ದೆ ಮಾಡಿರಲಿಲ್ಲ. ನೋವಿನ ಗುಳಿಗೆ ಕೊಟ್ಟ ಮೇಲೆ ತಲೆ ಜೋಲತೊಡಗಿತು.

"ಒಂದರ್ಧ ತಾಸು ಅಡ್ಡಾಗ್ತೀನಿ. ನೀ ಬಿಡಬ್ಯಾಡ, ಬರಿ," ಎಂದು ಮಗ್ಗುಲಾದರು.

ಇಪ್ಪತ್ತೆರಡು ಓವರಿಗೆ ಮೂರು ವಿಕೆಟ್ಟಿಗೆ ನೂರಾ ಒಂದು ಎಂದು ಬರೆದದ್ದು ನನಗೆ ಚೆನ್ನಾಗಿ ನೆನಪಿದೆ. ಆಮೇಲೆ ಕಣ್ಣು ಬಿಟ್ಟಾಗ ಕೆನ್ನೆ ನೋಟ್‌ಬುಕ್ಕಿನ ಮೇಲಿತ್ತು. ಪೆನ್ನು ಚಾಪೆಯ ಮೇಲೆ ಉರುಳಿ ಮಸಿ ಇಳಿದಿತ್ತು. ರೇಡಿಯೋದವರು ಇಪ್ಪತ್ತೊಂಬತ್ತು ಓವರ್ ಮುಗಿದವು, ಐದು ವಿಕೆಟ್ಟಿಗೆ ನೂರಾ ಮೂವತ್ತೊಂದು ಎನ್ನುತ್ತಿದ್ದರು. ಏಳು ಓವರು, ಎರಡು ವಿಕೆಟ್ಟು ನನ್ನ ನಿದ್ದೆಯಲ್ಲಿ ಹೋಗಿದ್ದವು.

ಅಪ್ಪಾಜಿ ಇನ್ನೂ ಮಲಗಿದ್ದರು. ಹದಿನೇಳು ಓವರು ತಲೆಯಲ್ಲಿ ಹೊತ್ತು ಕೂತಿದ್ದವರಿಗೆ ಏನೆಂದು ಹೇಳಲಿ? ಮೂವತ್ತು ರನ್ನನ್ನು ನಲವತ್ತೆರಡು ಚೌಕಗಳಿಗೆ ಹಂಚಿದೆ. ಚುಕ್ಕೆ, ಒಂದು, ಚುಕ್ಕೆ, ಎರಡು. ಎರಡು ಬೌಂಡರಿ ಹಾಕಿದೆ, ಇಲ್ಲದಿದ್ದರೆ ನಂಬುವಂತಿರುವುದಿಲ್ಲ ಎಂದುಕೊಂಡು. ಈಗ ಯಾರು ಆಡುತ್ತಿದ್ದಾರೆ ಎಂಬುದರಿಂದ ಯಾರು ಔಟಾದರೆಂದು ತಿಳಿಯಿತು. ಒಬ್ಬನನ್ನು ಬೌಲ್ಡ್ ಮಾಡಿದೆ, ಇನ್ನೊಬ್ಬನಿಗೆ ಕೀಪರ್ ಕೈಯಲ್ಲಿ ಕ್ಯಾಚು ಕೊಡಿಸಿದೆ. ಎರಡನ್ನೂ ಕೆಂಪು ಪೆನ್ನಿನಲ್ಲಿ ಬರೆದೆ. ಮಕ್ಕಳು ಪರೀಕ್ಷೆಯಲ್ಲಿ ನಕಲು ಮಾಡಿದರೆ ಎಬ್ಬಿಸಿ ನಿಲ್ಲಿಸುವವಳು ನಾನು.

ಸ್ವಲ್ಪ ಹೊತ್ತಿಗೆ ಅಪ್ಪಾಜಿ ಎದ್ದರು.

"ಓದು, ಎಲ್ಲಿಗೆ ಬಂತು?"

ಓದಿದೆ. ತಲೆ ವಾರೆ ಮಾಡಿ ಕೇಳಿದರು. "ಕೀಪರ್ ಕ್ಯಾಚಾ? ಆಫ್ ಸೈಡ್ ಹೊರಗಿನ ಬಾಲಿಗೆ ಬ್ಯಾಟು ಹಾಕಿರಬೇಕು. ಅವನದು ಅದೇ ಚಾಳಿ," ಎಂದರು. ಕೊನೆಗೆ, "ಚಲೋ ಬರ್ದೀಯ," ಎಂದು ನನ್ನ ತಲೆ ಸವರಲು ಕೈ ಚಾಚಿದರು. ಅಂದಾಜು ತಪ್ಪಿ ಕೈ ಭುಜಕ್ಕೆ ತಾಗಿತು. ಆ ಪಂದ್ಯ ಸೋತೆವು. ಅವರಿಗೆ ಅಷ್ಟೇನೂ ಬೇಜಾರಾದಂತೆ ಕಾಣಲಿಲ್ಲ.

ಮರುದಿನ ಬೆಳಗ್ಗೆ ಆನೆಕೊಂಡದಿಂದ ಅವರ ಗೆಳೆಯರೊಬ್ಬರು ಬಂದರು. ಮಿಲ್ಲಿನಲ್ಲಿ ಜೊತೆಗಿದ್ದವರು, ಕಣ್ಣು ವಿಚಾರಿಸಲು ಕೈಯಲ್ಲಿ ಪೇಪರ್ ಹಿಡಿದೇ ಬಂದಿದ್ದರು. ನಾನು ಚಹಾ ತಂದಿಡುವಾಗ ಅಪ್ಪಾಜಿ ಅವರಿಗೆ ಪಂದ್ಯದ ವರದಿ ಒಪ್ಪಿಸುತ್ತಿದ್ದರು.

"ಕೀಪರಿಗೆ ಕ್ಯಾಚು ಕೊಟ್ಟ ನೋಡ್ರಿ, ಅಲ್ಲೇ ಮ್ಯಾಚು ಹೋತು."

ಗೆಳೆಯರು ಪೇಪರ್ ಬಿಡಿಸಿದರು. "ಯಾರು, ಇವನಾ? ಇವ ರನೌಟ್ ಅಂತ ಐತಲ್ರಿ ಅಣ್ಣಾರೆ."

ಚಹಾದ ಕಪ್ಪನ್ನು ಸದ್ದಾಗುವಂತೆ ಕೆಳಗಿಟ್ಟೆ. ಅಪ್ಪಾಜಿಯ ಮುಖ ನನ್ನ ಕಡೆ ತಿರುಗಿತು. ಪಟ್ಟಿಯಿಲ್ಲದ ಕಣ್ಣಿಗೆ ನಾನು ಮಂಜಾಗಿಯಾದರೂ ಕಂಡಿರಬೇಕು.

"ಪೇಪರ್ನೋರು ಏನ್ ಬೇಕಾದ್ರೂ ಹಾಕ್ತಾರೆ," ಎಂದರು ಅಪ್ಪಾಜಿ. "ನನ್ನ ಮಗಳು ಬಾಲ್ ಬಾಲಿಗೆ ಕೂತು ಬರ್ದಾಳೆ. ಚಾ ಕುಡೀರಿ, ಆರ್ತೈತೆ."

ಗೆಳೆಯರು ನಕ್ಕು ಬೇರೆ ಮಾತು ತೆಗೆದರು. ಅವರು ಹೋದ ಮೇಲೆ ನಾನು ಬ್ಯಾಗಿಗೆ ಉತ್ತರ ಪತ್ರಿಕೆಗಳ ಕಟ್ಟು ತುರುಕುತ್ತಿದ್ದೆ.

"ಎಷ್ಟು ಓವರು?" ಎಂದು ಕೇಳಿದರು.

"ಏಳು."

"ನಿದ್ದೆ ಹೋಗಿದ್ದೇನು?"

"ಹ್ಞೂಂ."

"ಖಾಲಿ ಬಿಡಬೇಕಿತ್ತು. ಖಾಲಿ ಇದ್ರೆ ಖಾಲಿ ಅಂತ ಗೊತ್ತಾಗ್ತಿತ್ತು. ಇಲ್ದೇ ಇರೋದನ್ನ ಯಾಕ ಬರ್ದಿ?"

ಗದರಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಅವರು ಮೆಲ್ಲಗೆ ಕೇಳಿದರು. ಅದಕ್ಕೇ ನನ್ನ ಬಾಯಿ ತೆರೆದುಕೊಂಡಿತು.

"ಸಾಕಾಗೈತೆ ಅಪ್ಪಾಜಿ," ಎಂದೆ. "ನಾಲ್ಕೂವರೆಗೆ ಏಳ್ತೀನಿ. ಹೋಗ್ತಾ ನಿಂತ್ಕಂಡು, ಬರ್ತಾ ನಿಂತ್ಕಂಡು. ನೂರಾ ನಲವತ್ತು ಪೇಪರ್ ತಿದ್ದಬೇಕು. ನಿನ್ನೆ ಊಟನೂ ಮಾಡಿರಲಿಲ್ಲ. ಚುಕ್ಕಿ ಇಟ್ಟು ಇಟ್ಟು ಕನಸಿನಾಗೂ ಚುಕ್ಕಿ ಬರ್ತಾವೆ."

ಇಷ್ಟು ಮಾತು ನಾನು ಅವರೆದುರು ಯಾವತ್ತೂ ಆಡಿರಲಿಲ್ಲ. ಅವ್ವ ಬಾಗಿಲಿಗೆ ಬಂದು ನಿಂತಳು. ಅಪ್ಪಾಜಿ, "ನಾಲ್ಕೂವರೆಗಾ?" ಎಂದರು, ಯಾವುದೋ ದೂರದ ಊರಿನ ಸುದ್ದಿ ಕೇಳಿದವರ ಹಾಗೆ.

ಬಸ್ಸಿಗೆ ಹೊತ್ತಾಗಿತ್ತು, ಹೊರಟುಬಿಟ್ಟೆ. ಹರಿಹರದವರೆಗೂ ಕಂಬಿ ಹಿಡಿದು ನಿಂತು, ಹೇಳಬಾರದಿತ್ತು ಎಂದೂ, ಮೊದಲೇ ಹೇಳಬೇಕಿತ್ತು ಎಂದೂ ಯೋಚಿಸುತ್ತಿದ್ದೆ. ಸಂಜೆ ಮನೆಗೆ ಬಂದಾಗ ಅಪ್ಪಾಜಿ ಆ ಏಳು ಓವರಿನ ಮೇಲೆ ಅಡ್ಡ ಗೆರೆ ಎಳೆಯಲು ಹೇಳಿದರು, ಎಳೆದೆ. ಮಧ್ಯಾಹ್ನದ ಔಷಧಿಯನ್ನು ನಾನು ಬರುವವರೆಗೆ ಕಾಯದೆ ಪಕ್ಕದ ಮನೆಯ ಅಕ್ಕನ ಕೈಲಿ ಬಿಡಿಸಿಕೊಂಡಿದ್ದರಂತೆ. ಅವ್ವ ಹೇಳಿದಳು.

ತಿಂಗಳು ತುಂಬಿ ಪಟ್ಟಿ ಬಿಚ್ಚಿ ಕಪ್ಪು ಕನ್ನಡಕ ಬಂತು. ಅವ್ವ ಕಣ್ಣಿಗೆಂದು ಉಕ್ಕಡಗಾತ್ರಿಯ ದೇವರಿಗೆ ಹರಕೆ ಹೊತ್ತಿದ್ದಳು. ಒಂದು ಭಾನುವಾರ ಹೋಗುವುದೆಂದಾಯಿತು. ನಾನು ಸೀರೆ ಎತ್ತಿಟ್ಟುಕೊಳ್ಳುತ್ತಿದ್ದೆ.

"ನೀ ಬರಬ್ಯಾಡ," ಎಂದರು ಅಪ್ಪಾಜಿ. "ನಿಮ್ಮವ್ವನ್ನ ನಾ ಕರ್ಕಂಡು ಹೋಗ್ತೀನಿ. ನೀ ಮಲಕ್ಕ."

ಒಬ್ಬರಿಗೆ ಮಂಡಿ ಬಗ್ಗದು, ಇನ್ನೊಬ್ಬರಿಗೆ ಮೆಟ್ಟಿಲು ಸರಿಯಾಗಿ ಕಾಣದು. ಇಬ್ಬರೂ ಒಬ್ಬರ ತೋಳನ್ನೊಬ್ಬರು ಹಿಡಿದು ಬೆಳಗಿನ ಆರು ಗಂಟೆಗೆ ಬೀದಿಯ ತಿರುವು ದಾಟಿದ್ದನ್ನು ಬಾಗಿಲಲ್ಲಿ ನಿಂತು ನೋಡಿದೆ. ಒಳಗೆ ಬಂದು ಚಿಲಕ ಹಾಕಿ, ಕಿಟಕಿ ಮುಚ್ಚಿ ಮಲಗಿದೆ. ಎಷ್ಟೋ ವರ್ಷದಿಂದ ಬೇಕೆನಿಸಿದ್ದ ನಿದ್ದೆ. ಅದು ಬರಲೇ ಇಲ್ಲ. ಬಸ್ಸಿನಲ್ಲಿ ಅವರಿಗೆ ಯಾರಾದರೂ ಸೀಟು ಬಿಟ್ಟಿರುತ್ತಾರೋ ಇಲ್ಲವೋ ಎಂದುಕೊಳ್ಳುತ್ತ ಬಿಸಿಲು ಏರುವವರೆಗೂ ಹೊರಳಾಡಿದೆ. ಕೊನೆಗೆ ಎದ್ದು, ತಲೆ ಬಾಚದೆ, ಒಲೆ ಹಚ್ಚದೆ, ಹೊಸ್ತಿಲ ಮೇಲೆ ಸುಮ್ಮನೆ ಕೂತೆ.