ಮೋಡ ಮೇಯುವ ಕುರಿ

ನಾನು ಕಾರ್ಟೂನು ನೋಡುವವಳು. ಹೇಳಿಕೊಳ್ಳುವುದಕ್ಕೆ ನಾಚಿಕೆಯೇನಿಲ್ಲ. ನನ್ನ ವಾರಿಗೆಯವರು ಸಂಜೆಯಾದರೆ ಅತ್ತೆ-ಸೊಸೆ ಧಾರಾವಾಹಿ ಹಾಕಿಕೊಂಡು ಕೂರುತ್ತಾರೆ. ಅದರಲ್ಲಿ ಒಬ್ಬಳು ಒಂದು ಮಾತಾಡಿದರೆ ಮನೆಯಲ್ಲಿರುವವರ ಮುಖವನ್ನೆಲ್ಲ ಒಂದೊಂದಾಗಿ ತೋರಿಸುತ್ತಾರೆ. ಅಷ್ಟರಲ್ಲಿ ನನ್ನದೊಂದು ನಿದ್ದೆ ಮುಗಿದಿರುತ್ತದೆ. ಸೊಸೆಯಾಗಿಯೂ ಬಾಳಿದ್ದೇನೆ, ಅತ್ತೆಯಾಗಿಯೂ ಬಾಳುತ್ತಿದ್ದೇನೆ. ಅದನ್ನೇ ಮತ್ತೆ ಕರೆಂಟು ಖರ್ಚು ಮಾಡಿ ನೋಡಬೇಕೇ? ಕಾರ್ಟೂನಿನಲ್ಲಿ ಹಾಗಲ್ಲ. ಮರ ಎದ್ದು ನಡೆಯುತ್ತದೆ, ಬಾವಿ ಬಾಯಿ ಬಿಡುತ್ತದೆ, ಆಗಬೇಕಾದ್ದು ಬೇಗ ಆಗುತ್ತದೆ.

ಈ ಚಟ ನನ್ನ ತವರು ಮಿಡಿಗೇಶಿಯಲ್ಲಿ ಹತ್ತಿದ್ದು. ನಾನು ಚಿಕ್ಕವಳಿದ್ದಾಗ ಕೋಟೆ ಬೆಟ್ಟದ ಬುಡದಲ್ಲಿ ಬಿಳಿ ಪಂಚೆ ಕಟ್ಟಿ, ಹಿಂದೆ ದೀಪ ಇಟ್ಟು ತೊಗಲುಗೊಂಬೆ ಆಡಿಸುತ್ತಿದ್ದರು. ಅಂಗೈಯಗಲದ ರಾಕ್ಷಸ ದೀಪದ ಹತ್ತಿರ ಬಂದರೆ ಪಂಚೆ ತುಂಬ ಬೆಳೆಯುತ್ತಿದ್ದ. ಮೂರನೇ ಕ್ಲಾಸಿಗೆ ನನ್ನನ್ನು ಶಾಲೆ ಬಿಡಿಸಿ ಕುರಿ ಹಿಂದೆ ಅಟ್ಟಿದರು. ಆಮೇಲೆ ಕಥೆ ಅಂದರೆ ನನಗೆ ನೋಡುವುದು, ಓದುವುದಲ್ಲ.

ಮದುವೆ ಮಾಡಿ ಹುಲಿಕುಂಟೆ ಕಡೆ ಕೊಟ್ಟರು. ಅಲ್ಲಿಯೂ ಕುರಿಯೇ. ಗಂಡ ತೀರಿಕೊಂಡ ಮೇಲೆ ಮಗ ಮಂದೆ ಮಾರಿ ನನ್ನನ್ನು ಶಿರಾಗೆ ಕರೆತಂದ. ಇಲ್ಲಿ ಹೆದ್ದಾರಿ ಪಕ್ಕದಲ್ಲಿ ಅವನದು ಪಂಕ್ಚರ್ ಅಂಗಡಿ. ಅವನಿಗೆ ಒಬ್ಬಳೇ ಮಗಳು, ಹುಲಿಕುಂಟೆಯಲ್ಲೇ ಹುಟ್ಟಿದವಳು. ಟಿ.ವಿ. ಮುಂದೆ ಅವಳನ್ನು ತೊಡೆ ಮೇಲೆ ಕೂರಿಸಿಕೊಂಡು ಕಾರ್ಟೂನು ನೋಡಿದವಳು ನಾನು. ಅವಳು ಅದನ್ನೇ ಹಿಡಿದಳು. ಬಿ.ಎ. ಮುಗಿಸಿ, ತುಮಕೂರಿನಲ್ಲಿ ಚಿತ್ರ ಬರೆದು ಓಡಾಡಿಸುವ ವಿದ್ಯೆ ಕಲಿತು, ಈಗ ನಮ್ಮ ಮನೆಯ ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಒಂದು ಮೇಜು ಹಾಕಿಕೊಂಡಿದ್ದಾಳೆ. ಕಂಪ್ಯೂಟರಿಗೆ ಕಟ್ಟಿದ ಕಪ್ಪು ಸ್ಲೇಟಿನ ಮೇಲೆ ಕಡ್ಡಿಯಲ್ಲಿ ಬರೆಯುತ್ತಾಳೆ. ಬರೆದದ್ದನ್ನು ಅಲ್ಲಿಂದಲೇ ಕಂಪನಿಗೆ ಕಳಿಸುತ್ತಾಳೆ.

ನನ್ನ ಮಗನ ಲೆಕ್ಕದಲ್ಲಿ ಇದು ಕೆಲಸವಲ್ಲ. ಕೆಲಸ ಅಂದರೆ ಬೆಳಿಗ್ಗೆ ಚಪ್ಪಲಿ ಮೆಟ್ಟಿ ಹೊರಗೆ ಹೋಗಬೇಕು, ಸಂಜೆ ಕೈ ಕಪ್ಪು ಮಾಡಿಕೊಂಡು ಬರಬೇಕು. "ಮನೇಲಿ ಕೂತು ಗೀಚೋದಕ್ಕೆ ಯಾರಾದ್ರೂ ಕೆಲ್ಸ ಅಂತಾರಾ? ಬಿ.ಎಡ್. ಮಾಡ್ಕೊಂಡು ಮೇಷ್ಟ್ರಾಗು" ಎಂದು ಅವನು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದ. ಅವಳು ತಟ್ಟೆ ತೊಳೆದು ಮೆಟ್ಟಿಲ ಕೆಳಗೆ ಹೋಗಿಬಿಡುತ್ತಿದ್ದಳು.

ಅವಳೂ ಸೇರಿ ಬರೆದ ಹೊಸ ಕಾರ್ಟೂನು ಸರಣಿ ಟಿ.ವಿ.ಗೆ ಬರುತ್ತದೆ ಎಂದು ಗೊತ್ತಾದ ದಿನ ಅಪ್ಪ-ಮಗಳ ನಡುವೆ ಒಂದು ತೀರ್ಮಾನವಾಯಿತು. ಮಗ ಹೇಳಿದ, "ನೋಡಮ್ಮ, ನಂಗೆ ಇದೆಲ್ಲ ತಿಳಿಯಲ್ಲ. ನಿಮ್ಮಜ್ಜಿ ನೋಡಿ ಚೆನ್ನಾಗೈತೆ ಅಂದ್ರೆ ನಾನು ಇನ್ನು ಬಾಯಿ ಬುಡಲ್ಲ. ಇಲ್ಲಾಂದ್ರೆ ಬಿ.ಎಡ್.ಗೆ ಸೇರ್ಕೋಬೇಕು."

ಅವನು ಯಾಕೆ ಹಾಗೆ ಹೇಳಿದ ಎಂದು ನನಗೆ ಗೊತ್ತಿತ್ತು. ನಾನು ಮದುವೆ ಮನೆಯಲ್ಲಿ ಊಟ ಹೆಂಗಿತ್ತು ಎಂದು ಕೇಳಿದ ಹೆಣ್ಣಿನ ತಂದೆಗೆ ಸಾರು ಸಪ್ಪೆ ಎಂದು ಹೇಳಿ ಬಂದವಳು. ಸೊಸೆ ಈ ಮನೆಗೆ ಬಂದಾಗಿನಿಂದ ತೊಳಸುತ್ತಿರುವ ಮುದ್ದೆಯನ್ನು ಇನ್ನೂ ಹೊಗಳಿಲ್ಲ. ನನ್ನ ಬಾಯಲ್ಲಿ ಚೆನ್ನಾಗಿದೆ ಎಂಬ ಮಾತು ಬರುವುದಿಲ್ಲ ಎಂದು ಅವನಿಗೆ ಧೈರ್ಯ.

ಮೊಮ್ಮಗಳು ನನ್ನ ಹಾಸಿಗೆ ಹತ್ತಿರ ಬಂದು ಕೂತಳು. "ಅಜ್ಜಿ, ನನ್ನ ಮುಖ ನೋಡ್ಕೊಂಡು ಹೇಳ್ಬೇಡ. ಚೆನ್ನಾಗಿಲ್ದಿದ್ರೆ ಚೆನ್ನಾಗಿಲ್ಲ ಅನ್ನು."

"ಅನ್ನದೆ ಬುಡ್ತೀನಾ? ಅದ್ರಲ್ಲಿ ನೀನು ಬರೆದಿರೋದು ಯಾವ್ದು?"

"ಅದನ್ನ ಹೇಳಲ್ಲ. ನೋಡ್ದಾಗ ನಿಂಗೇ ಗೊತ್ತಾಗ್ಬೇಕು."

ಸುಳ್ಳು ಹೇಳಿ ಅವಳನ್ನು ಉಳಿಸಬಹುದಿತ್ತು. ಆದರೆ ನಾನು ಸುಳ್ಳು ಹೇಳಿದರೆ ಅವಳಿಗೇ ಮೊದಲು ಗೊತ್ತಾಗುತ್ತಿತ್ತು.

ಭಾನುವಾರ ಬೆಳಿಗ್ಗೆ ತಿಂಡಿ ಆದ ಮೇಲೆ ಟಿ.ವಿ. ಹಾಕಿದರು. ಹುಲಿಕುಂಟೆಯಿಂದ ನನ್ನ ವಾರಗಿತ್ತಿಯೂ ಬಂದಿದ್ದಳು. ಅವಳು ನನ್ನ ಮೈದುನನ ಹೆಂಡತಿ, ಇನ್ನೂ ಕುರಿ ಇಟ್ಟುಕೊಂಡಿರುವವಳು. ಮೊಮ್ಮಗಳ ಕಾರ್ಟೂನು ಬರುತ್ತದೆ ಎಂದರೆ, "ನಮ್ಮುಡುಗಿ ಕಾಣುಸ್ತಾಳಾ?" ಎಂದಳು. "ಇವ್ಳು ಬರೆದಿರೋಳು ಕಣೆ, ಕಾಣ್ಸೋಳಲ್ಲ" ಎಂದೆ. ಬಂದದ್ದು ದಂಡ ಎನ್ನುವ ಹಾಗೆ ಮುಖ ಮಾಡಿ ಎಲೆಅಡಿಕೆ ಚೀಲ ಬಿಚ್ಚಿದಳು.

ಕಥೆ ಇಷ್ಟು. ಒಂದು ಬರೀ ಬಂಡೆಗಳ ನಾಡು. ಅಲ್ಲೊಬ್ಬ ಮಾಯಾವಿ ಮೋಡಗಳನ್ನೆಲ್ಲ ಹಿಡಿದು ಬೆಟ್ಟದ ಮೇಲಿನ ಕೋಟೆಯಲ್ಲಿ ಕೂಡಿಹಾಕಿದ್ದಾನೆ. ಕೆಳಗಿನ ಊರಿನ ಕುರಿಗಳು ಹುಲ್ಲು ಕಾಣದೆ ಮಂಜು ಮೇಯುವುದನ್ನು ಕಲಿತಿವೆ. ಮಂಜು ಮೇಯ್ದು ಮೇಯ್ದು ಅವುಗಳ ಉಣ್ಣೆ ಎಷ್ಟು ಹಗುರವಾಗಿದೆಯೆಂದರೆ, ಗಾಳಿ ಜೋರಾದರೆ ಕುರಿ ನೆಲ ಬಿಟ್ಟು ಏಳುತ್ತದೆ. ಕಾಯುವ ಹುಡುಗಿ ಅವುಗಳ ಕಾಲಿಗೆ ಕಲ್ಲು ಕಟ್ಟಿ ಮೇಯಿಸುತ್ತಾಳೆ. ಈ ಹುಡುಗಿ ಮಂದೆ ಹೊಡೆದುಕೊಂಡು ಕೋಟೆ ಹತ್ತಿ ಮೋಡ ಬಿಡಿಸಿಕೊಂಡು ಬರಬೇಕು.

ಕುರಿ ಹಾರುವುದನ್ನು ನಾನು ಒಪ್ಪಿದೆ. ಕಥೆ ಅಂದ ಮೇಲೆ ಹಾರಲಿ. ಆದರೆ ಹುಡುಗಿಯ ಹೆಗಲ ಮೇಲೆ ಕಂಬಳಿ ಇಲ್ಲ. ಬೆಟ್ಟಕ್ಕೆ ಹೋಗುವವಳು ಕಂಬಳಿ ಇಲ್ಲದೆ ಹೋಗುತ್ತಾಳೆಯೇ? ಬಾಯಿಬಿಟ್ಟು ಹೇಳಿಯೇಬಿಟ್ಟೆ. ಹೇಳಿದ ಮೇಲೆ, ಆ ಹುಡುಗಿಯನ್ನು ಬರೆದವಳು ಇವಳೇ ಆಗಿದ್ದರೆ ಎಂದು ನಾಲಿಗೆ ಕಚ್ಚಿಕೊಂಡೆ. ಮೊಮ್ಮಗಳು ಕಾಲುಂಗುರ ತಿರುಗಿಸುವವಳ ಹಾಗೆ ಕಾಲ ಬೆರಳು ಹಿಡಿದುಕೊಂಡು ಕೂತಿದ್ದಳು, ಟಿ.ವಿ. ನೋಡುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದಳು.

ಮಾಯಾವಿಗೆ ಮಾತು ಜಾಸ್ತಿ. ತಾನು ಎಷ್ಟು ಕೆಟ್ಟವನು ಎಂದು ತಾನೇ ಹೇಳಿಕೊಳ್ಳುತ್ತಾನೆ. ಅದನ್ನೂ ಹೇಳಿದೆ. ಮಗ ನಗುತ್ತಾ, "ಅವ್ವ, ಇಲ್ಲಿಗೆ ಎರಡಾಯ್ತು" ಎಂದ.

ಆದರೆ ಬೆಟ್ಟ ಬಂದಾಗ ನಾನು ಸುಮ್ಮನಾದೆ. ಒಂದೇ ಬಂಡೆ, ಅದರ ಮೈಮೇಲೆ ಗೋಡೆ ಹಾವಿನ ಹಾಗೆ ಹತ್ತಿಕೊಂಡು ಹೋಗಿದೆ. ಮಿಡಿಗೇಶಿಯೋ ಮಧುಗಿರಿಯೋ ಎಂದು ಹೇಳಲಾಗದು, ಎರಡನ್ನೂ ಕಲಸಿದ ಹಾಗಿತ್ತು. ಬಿಸಿಲು ಬಿದ್ದಾಗ ಬಂಡೆ ಬಣ್ಣ ತಿರುಗುವುದಿದೆಯಲ್ಲ, ಮೊದಲು ಬೂದಿ, ಆಮೇಲೆ ಹುರಿದ ರಾಗಿಯ ಬಣ್ಣ, ಅದು ಸರಿಯಾಗಿ ಬಂದಿತ್ತು. ಆ ಬಂಡೆಯ ಮೇಲಿಂದ ಮಂಜಿನೊಳಗೆ ಕುರಿಗಳು ಇಳಿದು ಬಂದವು. ಮೊದಲು ಮಂಜೇ ಇಳಿಯುತ್ತಿದೆ ಅನ್ನಿಸಿತು, ಆಮೇಲೆ ಅದಕ್ಕೆ ಕಣ್ಣು ಮೂಗು ಬಂತು. ಮಂದೆ ಪೂರ್ತಿ ನಮ್ಮ ಕಡೆಗೇ ಮುಖ ಮಾಡಿ, ಟಿ.ವಿ. ದಾಟಿ ಹಜಾರಕ್ಕೇ ಬರುವ ಹಾಗೆ ಬಂತು.

ವಾರಗಿತ್ತಿ ಎಲೆಗೆ ಸುಣ್ಣ ಹಚ್ಚುತ್ತಿದ್ದ ಬೆರಳನ್ನು ಹಾಗೇ ನಿಲ್ಲಿಸಿದಳು. "ಅಕ್ಕಾ, ಕಿವಿ ನೋಡು. ಅವು ನಮ್ಮನೆ ಕುರಿ ಕಣಕ್ಕ."

ಇದನ್ನು ಬಿಡಿಸಿ ಹೇಳಬೇಕು. ನಮ್ಮ ಕಡೆ ಹತ್ತು ಮನೆಯ ಕುರಿ ಒಂದೇ ಬಯಲಿನಲ್ಲಿ ಮೇಯುತ್ತವೆ. ಕಲೆತು ಹೋದರೆ ಗೊತ್ತಾಗಲಿ ಎಂದು ಮರಿ ಇದ್ದಾಗಲೇ ಕಿವಿಯ ತುದಿ ಸೀಳಿ ಮನೆಯ ಗುರುತು ಮಾಡುತ್ತೇವೆ. ನನ್ನ ಗಂಡನೂ ಮೈದುನನೂ ಭಾಗವಾದಾಗ ಎಡಗಿವಿಯ ಸೀಳು ನಮಗೆ ಉಳಿಯಿತು, ಬಲಗಿವಿ ಅವರಿಗೆ ಹೋಯಿತು. ಹೊಲ ಹಂಚಿಕೊಂಡದ್ದಕ್ಕಿಂತ ಕಿವಿ ಹಂಚಿಕೊಂಡದ್ದಕ್ಕೇ ಹೆಚ್ಚು ಜಗಳವಾಗಿತ್ತು.

ಟಿ.ವಿ.ಯಲ್ಲಿ ಬರುತ್ತಿದ್ದ ಕುರಿಗಳ ಕಿವಿಯ ಮೇಲೆ ಸೀಳಿತ್ತು. ಅಷ್ಟೇ ಉದ್ದ, ಅಷ್ಟೇ ಓರೆ. ನನ್ನ ಮೊಮ್ಮಗಳು ಬರೆದಿರುವುದು ಕುರಿಯನ್ನೇ ಎಂದು ಆಗ ಗೊತ್ತಾಯಿತು. ಅದರ ಜೊತೆಗೇ ಸೀಳು ಬಲಗಡೆ ಇರುವುದೂ ಕಂಡಿತು. ನನಗೆ ಮೈ ಉರಿಯಿತು. ಚಿಕ್ಕಂದಿನಲ್ಲಿ ಇವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಮಂದೆ ಹಿಂದೆ ಎಷ್ಟು ನಡೆದಿದ್ದೇನೆ. ಆ ಕುರಿಗಳ ಕಿವಿ ಎಣಿಸುತ್ತಲೇ ಮಾತು ಕಲಿತವಳು ಇವಳು.

"ಲೇ, ನಿಮ್ಮ ಚಿಕ್ಕಜ್ಜಿ ಮನೆ ಕುರಿ ಬರ್ದಿದ್ದೀಯಾ? ನಮ್ಮವು ಮರ್ತೋದ್ವಾ?"

ಮಗ ಇದನ್ನೇ ಕಾಯುತ್ತಿದ್ದ. "ತನ್ನ ಮನೆ ಗುರುತೇ ಗೊತ್ತಿಲ್ದೋಳು ಇನ್ನೇನು ಬರೀತಾಳೆ ಬುಡವ್ವ. ಇದ್ಕಿಂತ ಮೇಷ್ಟ್ರಾಗೋದು ವಾಸಿ."

ಮೊಮ್ಮಗಳ ಮುಖ ಕೆಂಪಾಯಿತು. "ಸ್ವಲ್ಪ ತಡ್ಕೊಳ್ಳಿ" ಎಂದಳು, ಅಷ್ಟೇ.

ಟಿ.ವಿ.ಯಲ್ಲಿ ಹುಡುಗಿ ನಾಲಿಗೆ ಮಡಚಿ ಸದ್ದು ಮಾಡಿದಳು. ಮಂದೆ ನಿಂತಿತು, ತಿರುಗಿತು, ಬೆನ್ನು ಹಾಕಿ ಬೆಟ್ಟ ಹತ್ತತೊಡಗಿತು. ಈಗ ನಾವು ಅದರ ಹಿಂದೆ ನಡೆಯುತ್ತಿದ್ದೆವು. ಸೀಳು ಎಡಕ್ಕೆ ಬಂದಿತ್ತು. ಒಂದಲ್ಲ, ಎಲ್ಲ ಕುರಿಗೂ.

ವಾರಗಿತ್ತಿ, "ಇದ್ಯಾಕಕ್ಕ, ತಿರುಗ್ದೇಟಿಗೆ ಕಿವೀನೂ ಬದ್ಲಾಯ್ತು?" ಎಂದಳು.

ನನಗೂ ತಿಳಿಯಲಿಲ್ಲ. ಮಗ ಅಡುಗೆಮನೆಯಿಂದ ಹೆಂಡತಿಯನ್ನು ಕರೆದು, ನಮ್ಮೆದುರಿಗೆ ನಿಲ್ಲಿಸಿ, ಎಡಗಿವಿ ಹಿಡಿದುಕೋ ಎಂದ. ಸೊಸೆ ಹಿಡಿದಳು. ಅವಳ ಕೈ ನಮ್ಮ ಬಲಕ್ಕೆ ಇತ್ತು. ತಿರುಗು ಎಂದ. ತಿರುಗಿದಳು. ಕೈ ಎಡಕ್ಕೆ ಬಂತು, ಹಿಡಿದದ್ದು ಮಾತ್ರ ಅದೇ ಕಿವಿ. "ಬೆಳಗ್ಗೆಬೆಳಗ್ಗೆ ಕಿವಿ ಹಿಡ್ಸಿ ನಿಲ್ಲಿಸ್ತೀರಲ್ಲ, ನಾನೇನು ತಪ್ಪು ಮಾಡಿದೀನಿ?" ಎಂದು ಸೊಸೆ ಬೈದು ಒಳಗೆ ಹೋದಳು.

ಕುರಿ ಕಾಯುವವರು ಕುರಿಯ ಮುಖ ನೋಡುವುದು ಕಡಿಮೆ. ನಮ್ಮ ಮುಂದೆ ಯಾವಾಗಲೂ ಬೆನ್ನೇ ಇರುತ್ತದೆ. ನನ್ನ ಎಡ ಯಾವುದೋ ಕುರಿಯ ಎಡವೂ ಅದೇ ಎಂದು ಇಷ್ಟು ಕಾಲ ಬಾಳಿದವರು ನಾವಿಬ್ಬರೂ. ಇಡೀ ಮಂದೆ ಎದುರಿಗೆ ಬಂದು ನಿಂತದ್ದನ್ನು ಟಿ.ವಿ.ಯಲ್ಲೇ ಮೊದಲು ನೋಡಿದ್ದು.

ಆ ಹತ್ತುವ ಮಂದೆಯಲ್ಲಿ ಒಂದು ಕುಂಟು ಕುರಿ ಹಿಂದೆ ಬಿತ್ತು. ಅದರ ಕಾಲಿನ ಕಲ್ಲು ಕಳಚಿ ಬಿದ್ದಿತ್ತು. ಗಾಳಿ ಬಂತು. ಕುರಿ ಮೆಲ್ಲಗೆ ಮೇಲೆದ್ದು, ಕೋಟೆ ಗೋಡೆಯಾಚೆ ಒಂದೇ ಹೋಯಿತು. ಅಲ್ಲಿಗೆ ಆ ವಾರದ ಕಂತು ಮುಗಿಯಿತು.

ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ಬಾಯಿಗಾಗಿ ಕಾಯುತ್ತಿದ್ದರು. ನಾನು ನೋಡಿದ್ದನ್ನು ನೋಡಿದ ಹಾಗೆ ಹೇಳಿದೆ. ಕಂಬಳಿ ಇಲ್ಲ, ಮಾಯಾವಿಗೆ ಬಾಯಿ ಜಾಸ್ತಿ, ಕುರಿಯ ಬಾಲ ಉದ್ದವಾಯಿತು, ನಮ್ಮ ಕುರಿಗೆ ಅಷ್ಟು ಬಾಲ ಎಲ್ಲಿದೆ.

"ಬಾಲ ನಂದೇ ಅಜ್ಜಿ. ಕಂಪ್ನಿಯವರು ಉದ್ದ ಇರ್ಲಿ ಅಂದ್ರು. ಕಂಬಳಿ, ಮಾಯಾವಿ ಬೇರೆಯವ್ರದ್ದು."

"ಕುರಿ ಚೆನ್ನಾಗವೆ" ಎಂದೆ. "ಬಾಲ ಬುಟ್ಟು. ನನ್ನ ಮಂದೆ ಮಾರಿ ಎಷ್ಟು ಕಾಲ ಆಯ್ತು. ಇವತ್ತು ತಿರ್ಗಾ ಅದ್ರ ಹಿಂದೆ ನಡ್ದೆ."

ವಾರಗಿತ್ತಿ ನನ್ನ ಮುಖ ನೋಡಿದಳು. ಸೊಸೆ ಬಾಗಿಲ ಹತ್ತಿರ ಬಂದು ನಿಂತಳು, ನನ್ನ ಬಾಯಿಂದ ಆ ಮಾತು ಬಂದದ್ದನ್ನು ಅವಳು ಕೇಳಿದ್ದು ಅದೇ ಮೊದಲು. ಅವಳಿಗೆ ಸ್ವಲ್ಪ ಹೊಟ್ಟೆ ಉರಿದಿರಲೂಬಹುದು, ಮುದ್ದೆಯ ಲೆಕ್ಕದಲ್ಲಿ.

ಮಗ ಮಾತ್ರ ಟಿ.ವಿ.ಯನ್ನೇ ನೋಡುತ್ತಿದ್ದ. ಮಂದೆ ಮಾರಿದವನು ಅವನೇ. ಮಾರುವ ದಿನ ಅವುಗಳ ಹಿಂದೆ ಹೆದ್ದಾರಿವರೆಗೂ ನಡೆದು ಬಂದವನೂ ಅವನೇ.

"ಆ ಕುಂಟು ಕುರೀನ ಯಾರು ಹೊಡ್ಕೊಂಡು ಬರ್ತಾರೆ?" ಎಂದ.

"ಮುಂದಿನ ವಾರ ನೋಡಪ್ಪ" ಎಂದಳು ಮೊಮ್ಮಗಳು.

"ನಿಂಗೆ ಗೊತ್ತಿರ್ತದಲ್ಲ. ಬರ್ದಿರೋಳು ನೀನೇ ಅಲ್ವಾ."

"ಗೊತ್ತೈತೆ. ಹೇಳಂಗಿಲ್ಲ. ಕಂಪ್ನಿ ಕಟ್ಟಳೆ."

ಅವನು ಸ್ವಲ್ಪ ಹೊತ್ತು ತಲೆ ಕೆರೆದುಕೊಂಡ. ಹೇಳಕೂಡದ ಸಂಗತಿ ಇರುವ ಕೆಲಸ ಎಂದರೆ ಅದು ಕೆಲಸವೇ ಇರಬೇಕು ಎಂದು ಅವನಿಗೆ ಹೊಳೆದ ಹಾಗಿತ್ತು. ಮಧ್ಯಾಹ್ನ ಅಂಗಡಿಗೆ ಹೋಗುವ ಮುಂಚೆ ಮೆಟ್ಟಿಲ ಕೆಳಗಿನ ಮೇಜನ್ನು ತಾನೇ ಎತ್ತಿ, ಹಜಾರದ ಕಿಟಕಿ ಹತ್ತಿರ ಬೆಳಕಿಗೆ ಹಾಕಿದ. ಬಿ.ಎಡ್. ಮಾತು ಆಮೇಲೆ ಅವನ ಬಾಯಲ್ಲಿ ಬಂದಿಲ್ಲ. ಈಗ ಟೈರು ತಂದ ಲಾರಿಯವರನ್ನೆಲ್ಲ ಕೂರಿಸಿಕೊಂಡು ಫೋನಿನಲ್ಲಿ ಕುರಿ ತೋರಿಸುತ್ತಾನೆ, ಕಿವಿ ಹಿಡಿದು ತಿರುಗಿ ತೋರಿಸುತ್ತಾನೆ.

ನಾನೇನು ಕಡಿಮೆಯಲ್ಲ. ಮಧುಗಿರಿ ಬಸ್ಸಿನಲ್ಲಿ ಪಕ್ಕದವಳ ಮಗು ಇದನ್ನೇ ನೋಡುತ್ತಿತ್ತು. ಅವು ನಮ್ಮ ಕುರಿ ಎಂದೆ. ಮುದುಕಿಗೆ ತಲೆ ಕೆಟ್ಟಿದೆ ಎಂದುಕೊಂಡಳೋ ಏನೋ, ಕಿಟಕಿ ಕಡೆ ಸರಿದು ಕೂತಳು. ಕೂರಲಿ. ಆ ಮಗು ಫೋನಿನಿಂದ ಕಣ್ಣು ತೆಗೆಯಲಿಲ್ಲ. ನನಗೆ ಅಷ್ಟು ಸಾಕಾಗಿತ್ತು.

ವಾರಗಿತ್ತಿ ಹುಲಿಕುಂಟೆಗೆ ಹೋಗಿ, ನಮ್ಮನೆ ಕುರಿ ಟಿ.ವಿ.ಯಲ್ಲಿ ಬಂದವೆ ಎಂದು ಊರಿಗೆಲ್ಲ ಹೇಳಿದ್ದಾಳೆ. ಮೊನ್ನೆ ಫೋನು ಮಾಡಿ, "ಅಕ್ಕಾ, ಈ ಸಲ ನಮ್ಮ ಕುರಿ ನೋಡ್ದಾ?" ಎಂದಳು.

"ಎದುರಿಗೆ ಬರೋವಾಗ ನಿಮ್ಮವು ಅಂದ್ಕೋ. ಹೋಗೋವಾಗ ನಮ್ಮವು ಕಣೆ" ಎಂದೆ.

ಕಿಟಕಿ ಹತ್ತಿರ ಕೂತಿದ್ದ ಮೊಮ್ಮಗಳು ನಕ್ಕಳು. ಸ್ಲೇಟು ನನ್ನ ಕಡೆ ತಿರುಗಿಸಿ, "ಬಾಲ ಇಷ್ಟು ಸಾಕಾ ಅಜ್ಜಿ?" ಎಂದಳು. ಇನ್ನೂ ಚೂರು ಗಿಡ್ಡ ಮಾಡು ಎಂದೆ. ಮಾಡಿದಳು.