ಅತ್ತೆಗೆ ರೆಕ್ಸಿನ್ ಎಂದು ಹೇಳಿದ ಸೋಫಾ

ಅತ್ತೆಗೆ ಮೊಣಕಾಲು ನೋವು, ನೆಲಕ್ಕೆ ಕೂರಲಾಗುವುದಿಲ್ಲ ಎಂದು ನಮ್ಮ ಮನೆಯವರು ಕಲಬುರಗಿಯಿಂದ ಸೋಫಾ ತಂದರು. ಅಪ್ಪಟ ಚರ್ಮದ್ದು. ಅತ್ತೆಯೋ ಕೊರಳಲ್ಲಿ ಲಿಂಗ ಕಟ್ಟಿಕೊಂಡವರು, ಚಪ್ಪಲಿ ಮುಟ್ಟಿದರೂ ಕೈ ತೊಳೆಯುವವರು. ಚರ್ಮದ ಮೇಲೆ ಕೂತಾರೆಯೇ? "ರೆಕ್ಸಿನ್ ಅದ ಯವ್ವಾ" ಎಂದುಬಿಟ್ಟ ಮಗರಾಯ. ಆ ಸುಳ್ಳನ್ನು ಕಾಯುವ ಕೆಲಸ ಮಾತ್ರ ನನ್ನ ತಲೆಯ ಮೇಲೆ ಬಿತ್ತು.

ಜೇವರ್ಗಿಯ ಬಿಸಿಲಿಗೆ ಚರ್ಮ ಬಿರಿಯುತ್ತದೆ. ಕಿಟಕಿಗೆ ಪರದೆ ಎಳೆಯಬೇಕು, ಒಣಬಟ್ಟೆಯಲ್ಲಿ ಧೂಳು ಒರೆಸಬೇಕು, ಆಗಾಗ ಕ್ರೀಮು ತಿಕ್ಕಬೇಕು. ನೀರು ಮಾತ್ರ ಸುರಿಯಲೇಬಾರದು. ಅತ್ತೆ ಸ್ನಾನಕ್ಕೆ ಹೋದಾಗ ಕಳ್ಳಿಯ ಹಾಗೆ ಇದನ್ನೆಲ್ಲ ಮಾಡಿ ಮುಗಿಸುತ್ತಿದ್ದೆ. ಅವರು ಬಂದು ಅದರ ಮೇಲೆಯೇ ಕುಳಿತು, ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಪೂಜೆ ಮಾಡುವರು. ನನಗೆ ಅತ್ತ ನೋಡಲಾಗುತ್ತಿರಲಿಲ್ಲ. ಗಂಡನ ಮೇಲೆ ಮೈಯೆಲ್ಲ ಉರಿಯುತ್ತಿತ್ತು.

ಹೋದ ಶ್ರಾವಣದಲ್ಲಿ ಮಠದ ಅಯ್ಯನವರು ಪಾದಪೂಜೆಗೆ ಬರುವವರಿದ್ದರು. ಹೂರಣ ರುಬ್ಬುತ್ತಿದ್ದವಳು ಪಡಸಾಲೆಗೆ ಬಂದು ನೋಡಿದರೆ, ಅತ್ತೆಯ ಕೈಯಲ್ಲಿ ತುಂಬಿದ ಕೊಡ!

"ಅಯ್ನೋರು ಕುಂಡ್ರೋ ಜಾಗ. ನೀರ್ ಹಾಕಿ ಸಾಫ್ ಮಾಡ್ತೇನಿ."

"ಬ್ಯಾಡ್ರಿ ಅತ್ತಿ! ನಾ ಒರಸ್ತೇನ್ರಿ!"

"ರೆಕ್ಸಿನ್‌ಗೆ ನೀರ್ ಬಿದ್ರ ಏನಾಗ್ತದ ಬೇ?"

ಮೂಲೆಯಲ್ಲಿ ಕುಳಿತಿದ್ದ ಗಂಡನತ್ತ ನೋಡಿದೆ. ಪುಣ್ಯಾತ್ಮ ಮೊಬೈಲಿನಿಂದ ತಲೆ ಎತ್ತಲಿಲ್ಲ. ಅಷ್ಟರಲ್ಲಿ ಅತ್ತೆ ಕೊಡ ಬಗ್ಗಿಸಿ, ಅಂಗೈಯಿಂದ ತಿಕ್ಕತೊಡಗಿದ್ದರು. ನೀರು ಹೊಲಿಗೆಯೊಳಗೆ ಇಳಿಯಿತು. ನಿಧಾನಕ್ಕೆ ತೊಯ್ದ ಚಪ್ಪಲಿಯ ವಾಸನೆ ಎದ್ದಿತು. ಅತ್ತೆಯ ಕೈ ನಿಂತಿತು. ಅಂಗೈ ಮೂಸಿ ನೋಡಿಕೊಂಡರು.

"ಖರೇ ಹೇಳು. ಏನದ ಇದು?"

"ಚರ್ಮದ್ದು ಅದ್ರಿ ಅತ್ತಿ," ಎಂದೆ.

ಅವರು ಎದೆಯ ಮೇಲಿನ ಲಿಂಗ ಹಿಡಿಯಲು ಹೋಗಿ, ತಮ್ಮ ಒದ್ದೆ ಕೈ ಕಂಡು, ತಟ್ಟನೆ ಹಿಂದೆಳೆದುಕೊಂಡರು.

"ನಿನ್ನ ಮೊಣಕಾಲ್ ಸಲುವಾಗಿ ತಂದೇನಿ ಯವ್ವಾ..." ಗಂಡ ಈಗ ಎದ್ದು ನಿಂತಿದ್ದರು.

"ಮೊಣಕಾಲೂ ನಂದೇ, ಲಿಂಗಾನೂ ನಂದೇ. ಯಾವ್ದು ದೊಡ್ಡದಂತ ನನ್ನ ಕೇಳಬೇಕಿತ್ತಲೇ."

ಮತ್ತೆ ಸ್ನಾನ ಮಾಡಿ ಬಂದ ಅತ್ತೆ, ಗೋಡೆ ಹಿಡಿದು, ಹಲ್ಲು ಕಚ್ಚಿ ನೆಲಕ್ಕೆ ಕುಳಿತರು. ಅಯ್ಯನವರು ಬಾಗಿಲಿಗೆ ಬಂದಾಗ ಏಳಬೇಕಾಯಿತು. ಅತ್ತೆ ಒದ್ದಾಡುವುದನ್ನು ನೋಡಲಾರದೆ ನಾವಿಬ್ಬರೂ ಓಡಿಹೋಗಿ ಕೈ ಚಾಚಿದೆವು. ಅತ್ತೆ ಮಗನ ಕೈ ಹಿಡಿಯಲಿಲ್ಲ. ನನ್ನದನ್ನೂ ಹಿಡಿಯಲಿಲ್ಲ.