ಚಿಲಕ ಹಾಕದ ಬಾಗಿಲಿನ ಕಾದಂಬರಿ

ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ಫೋನಿನಲ್ಲಿ ಮಾತಾಡಲು ಆಗುವುದಿಲ್ಲ. ನಡುಮನೆಯ ಗೋಡೆಯಾಚೆಗೇ ಪವರ್‌ಲೂಮ್ ಮಗ್ಗಗಳಿವೆ. ಅವು ಓಡುವಾಗ ಪಕ್ಕದಲ್ಲಿ ನಿಂತ ಗಂಡನ ಮಾತೂ ಕೇಳುವುದಿಲ್ಲ, ಅದೊಂದು ಪುಣ್ಯ. ಹಾಗಾಗಿ ನಮ್ಮ ಓದುಗರ ಬಳಗದವರು, ಇಬ್ಬಿಬ್ಬರು ಜೋಡಿಯಾಗಿ ಒಂದೇ ಪುಸ್ತಕ ಓದಿ ಪತ್ರ ಬರೆದುಕೊಳ್ಳಿ ಎಂದಾಗ, ಈ ಕಾಲದಲ್ಲಿ ಪತ್ರವಾ ಎಂದು ಮಿಕ್ಕವರು ಮೂಗು ಮುರಿದರು. ನಾನು ಮೊದಲು ಕೈಯೆತ್ತಿದೆ.

ನನಗೆ ಜೋಡಿಯಾಗಿ ಸಿಕ್ಕಿದವರು ಹೊಸಕೋಟೆಯ ಒಬ್ಬ ಅಕ್ಕ. ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು, ಕ್ರಿಶ್ಚಿಯನ್ನರು, ಮದುವೆಯಾದವರಲ್ಲ. ಗಾರ್ಮೆಂಟ್ಸ್‌ನಲ್ಲಿ ಹೊಲಿದು ಹೊಲಿದು ಸೊಂಟ ಹೋದ ಮೇಲೆ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದರು. ಪುಸ್ತಕ ಆರಿಸಿದ್ದು ಅವರೇ, ತಮ್ಮ ಚರ್ಚಿನ ಕಪಾಟಿನಲ್ಲಿದ್ದ ಒಂದು ಸಸ್ಪೆನ್ಸ್ ಕಾದಂಬರಿ. ಇದ್ದದ್ದು ಒಂದೇ ಪ್ರತಿ. ನಮ್ಮ ಸೀರೆ ಗಂಟುಗಳನ್ನು ಒಯ್ಯುವ ಬಸ್ ಕಂಡಕ್ಟರ್ ಕೈಯಲ್ಲೇ ಅದನ್ನೂ ಕಳಿಸಿಕೊಳ್ಳುತ್ತಿದ್ದೆವು. ಒಂದಷ್ಟು ಅಧ್ಯಾಯ ಅವರು ಮೊದಲು ಓದಿ ನನಗೆ ಕಳಿಸಬೇಕು, ಮುಂದಿನಷ್ಟು ನಾನು ಮೊದಲು ಓದಿ ಅವರಿಗೆ. ನಿಲ್ಲಿಸಬೇಕಾದ ಕಡೆ ಒಂದು ಕೆಂಪು ರೇಷ್ಮೆ ಎಳೆ ಇರುತ್ತಿತ್ತು.

ಕರೆಂಟ್ ಹೋಗಿ ಮಗ್ಗ ನಿಂತಾಗಲೇ ನನ್ನ ಓದು. ಕೊಲೆಗಾರ ಇನ್ನೇನು ಮೆಟ್ಟಿಲು ಹತ್ತಬೇಕು, ಅಷ್ಟರಲ್ಲಿ ಕರೆಂಟ್ ಬಂದುಬಿಡುತ್ತಿತ್ತು. ಕರೆಂಟ್ ಬಂತಲ್ಲ ಎಂದು ಶಾಪ ಹಾಕಿದ ನೇಕಾರರ ಮನೆಯವಳು ನಾನೊಬ್ಬಳೇ ಇರಬೇಕು.

ಕತೆ ಇಷ್ಟು. ಒಂದು ಸಣ್ಣ ಊರಿನ ಪಾದ್ರಿ ಸಂಜೆಯ ಪ್ರಾರ್ಥನೆ ಮುಗಿಸಿ ಹೊರಟವನು ಮನೆ ಸೇರುವುದಿಲ್ಲ. ಅವನಿಗೆ ಯಾವುದೋ ಕೊಲೆಯ ಗುಟ್ಟು ಗೊತ್ತು. ಗಂಡ ಬಂದೇ ಬರುತ್ತಾನೆಂದು ಹೆಂಡತಿ ಬಾಗಿಲಿಗೆ ಚಿಲಕ ಹಾಕದೆ ಕಾಯುತ್ತಾಳೆ. ಆ ಬಾಗಿಲಿನಿಂದ ಗಂಡನೊಬ್ಬನನ್ನು ಬಿಟ್ಟು ಊರಿನ ಕೇಡಿಗಳೆಲ್ಲ ಒಳಗೆ ಬರುತ್ತಾರೆ. ಪ್ರತಿ ಸಲವೂ ಅವಳು ಮೊಣಕಾಲೂರಿ ಪ್ರಾರ್ಥಿಸುತ್ತಾಳೆ, ಪ್ರತಿ ಸಲವೂ ಯಾರೋ ಬಂದು ಕಾಪಾಡುತ್ತಾರೆ.

ನನಗೆ ರೇಗಿಹೋಯಿತು. ‘ಅಕ್ಕಾ, ದೇವರು ಕಾಪಾಡ್ತಾನೆ ಅಂತ ಮೊದಲೇ ಗೊತ್ತಿದ್ಮೇಲೆ ಸಸ್ಪೆನ್ಸ್ ಎಲ್ಲಿ ಬಂತು? ಅವಳು ಒಂದು ಚಿಲಕ ಹಾಕಿದ್ರೆ ಅರ್ಧ ಕಾದಂಬರಿನೇ ಇರ್ತಿರ್ಲಿಲ್ಲ’ ಎಂದು ಬರೆದೆ.

ಮುಂದಿನ ವಾರ ಉತ್ತರ ಬಂತು. ‘ಕಾಪಾಡ್ತಾನೆ ಅಂತ ಗೊತ್ತು ಕಣಮ್ಮ. ಯಾವಾಗ ಅಂತ ಗೊತ್ತಿಲ್ವಲ್ಲ, ಅದೇ ಸಸ್ಪೆನ್ಸು. ಚಿಲಕ ನಾನೂ ಹಾಕಲ್ಲ.’

ಆಮೇಲೆ ಒಂದೊಂದಾಗಿ ಗೊತ್ತಾಯಿತು. ಅವರಿಗೊಬ್ಬ ತಮ್ಮ. ಅಪ್ಪ ಅಮ್ಮ ಹೋದ ಮೇಲೆ ಇವರೇ ಸಾಕಿದ್ದು. ಅವನ ಮನಸ್ಸು ಒಂದು ಕಡೆ ನಿಲ್ಲುವುದಿಲ್ಲ. ಹೇಳದೆ ಕೇಳದೆ ಎದ್ದು ಹೋಗಿ, ಕಂಡ ಬಸ್ಸು ಹತ್ತಿ, ಎಲ್ಲೆಲ್ಲೋ ತಿರುಗಿ, ಕೆಲವು ವಾರಕ್ಕೆ ತಾನಾಗಿ ಅದೇ ಬಾಗಿಲಿಗೆ ಬರುತ್ತಿದ್ದ. ಫೋನು ಮುಟ್ಟುವವನಲ್ಲ. ಈ ಸಲ ಹೋದವನು ವರ್ಷವಾದರೂ ಬಂದಿರಲಿಲ್ಲ. ಪೊಲೀಸರಿಗೆ ಹೇಳಿಯೂ ಆಗಿತ್ತು. ಇದರ ನಡುವೆ, ಅವರಿದ್ದ ವಠಾರ ಕೆಡವಿ ಪಕ್ಕದ ಪಿಲ್ಲಗುಂಪೆಯ ಫ್ಯಾಕ್ಟರಿ ಕೆಲಸದವರಿಗೆ ಬಾಡಿಗೆ ರೂಮು ಕಟ್ಟಿಸುತ್ತೇನೆಂದು ಮಾಲೀಕರು ಹಟ ಹಿಡಿದಿದ್ದರು. ಉಳಿದ ಮನೆಯವರೆಲ್ಲ ಖಾಲಿ ಮಾಡಿದ್ದರು. ಕೋಲಾರದಲ್ಲಿದ್ದ ಇವರ ದೊಡ್ಡಕ್ಕನ ಮಗಳು ಬಾ ಎನ್ನುತ್ತಿದ್ದಳು. ಇವರು ಹೋದ ಮೇಲೆ ಅವನು ಬಂದರೆ ಬಾಗಿಲು ತೆಗೆಯುವವರು ಯಾರು?

ಕೊನೆಯ ಭಾಗ ಉಳಿದಾಗ ಹೀಗೆ ಬರೆದರು: ‘ಪುಸ್ತಕ ಮುಗೀಲಿ ಅಂತಿದ್ದೀನಿ. ಅವಳ ಗಂಡ ಬಂದ್ರೆ ನಾನು ಗೋಡೆ ಕೆಡವಿದ್ರೂ ಇಲ್ಲೇ ಕೂತಿರ್ತೀನಿ. ಬರ್ಲಿಲ್ಲ ಅಂದ್ರೆ ಕೋಲಾರಕ್ಕೆ ಹೋಗ್ತೀನಿ. ದೇವರು ಯಾವ ಬಾಯಲ್ಲಾದ್ರೂ ಹೇಳ್ಬಹುದು.’

ಅಯ್ಯೋ ದೇವರೇ! ಯಾರೋ ಹೊಟ್ಟೆಪಾಡಿಗೆ ಬರೆದ ಕತೆ ನೋಡಿಕೊಂಡು ಮನೆ ಬಿಡುವುದಾ? ನಿಮಗೇನು ತಲೆ ನೆಟ್ಟಗಿದೆಯಾ ಅಕ್ಕಾ ಎಂದು ಚೆನ್ನಾಗಿ ಉಗಿದು ಬರೆದೆ. ಮರುವಾರ ಪುಸ್ತಕ ಮಾತ್ರ ಬಂತು. ಕೊನೆಯ ಭಾಗವನ್ನು ಮೊದಲು ಓದುವ ಸರದಿ ನನ್ನದಾಗಿತ್ತು.

ಕರೆಂಟ್ ಹೋಗಲೆಂದು ಕಾಯಲಿಲ್ಲ. ಮಗ್ಗಗಳ ಸದ್ದಿನಲ್ಲೇ, ಒಲೆಯ ಮೇಲೆ ಸಾರು ಉಕ್ಕುತ್ತಿದ್ದರೂ ನಿಂತೇ ಓದಿದೆ. ಪಾದ್ರಿ ಸತ್ತಿದ್ದ. ಮೊದಲನೆಯ ಅಧ್ಯಾಯದ ಸಂಜೆಯೇ ಸತ್ತಿದ್ದ. ಕೊಲೆಗಾರ ಚರ್ಚಿನಲ್ಲಿ ಎಲ್ಲರ ಮುಂದೆ ಒಪ್ಪಿಕೊಳ್ಳುತ್ತಾನೆ, ಹೆಂಡತಿ ಅವನನ್ನು ಕ್ಷಮಿಸಿ ಮನೆಗೆ ಬಂದು ಬಾಗಿಲಿಗೆ ಚಿಲಕ ಹಾಕುತ್ತಾಳೆ. ಅಲ್ಲಿಗೆ ಮುಗಿಯಿತು.

ಪುಸ್ತಕವನ್ನು ಅಕ್ಕಿ ಡಬ್ಬದ ಮೇಲೆ ಇಟ್ಟೆ. ಅಲ್ಲಿಂದ ತೆಗೆದು ಬೀರುವಿನಲ್ಲಿಟ್ಟೆ. ಎಲ್ಲಿಟ್ಟರೂ ನನ್ನನ್ನೇ ನೋಡುತ್ತಿತ್ತು. ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ನೂಲು ಸುತ್ತಲು ಹೋಗಿ ಸಿಕ್ಕು ಮಾಡಿದೆ. ‘ಏನಾಗಿದೆ ನಿಂಗೆ?’ ಎಂದು ಯಜಮಾನರು ಕೂಗಿದರು, ಕೇಳಿಸದ ಹಾಗೆ ಇದ್ದೆ. ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್, ‘ಏನಕ್ಕಾ, ಈ ವಾರ ಪುಸ್ತಕ ಇಲ್ವಾ? ಹೊಸಕೋಟೆಯಲ್ಲಿ ಅವ್ರು ಕಾಯ್ತಾವ್ರೆ’ ಎಂದ. ಇಲ್ಲ ಎಂದು ಬಂದುಬಿಟ್ಟೆ. ಮುಂದಿನ ವಾರ ಅವನ ಕೈಗೆ ಕೊಡಲು ಮನಸ್ಸಾಗದೆ, ಸೀರೆ ಕವರಿನಲ್ಲಿ ಪುಸ್ತಕ ಸುತ್ತಿಕೊಂಡು ನಾನೇ ಬಸ್ಸು ಹತ್ತಿದೆ.

ದೇವನಹಳ್ಳಿ ಬಂತು, ಸೂಲಿಬೆಲೆ ಬಂತು, ಏನು ಹೇಳಬೇಕೆಂದು ಮಾತ್ರ ತೋಚಲಿಲ್ಲ. ಪಕ್ಕದ ಹೆಂಗಸು ದ್ರಾಕ್ಷಿ ಕೊಟ್ಟರೆ ಬೇಡ ಎಂದು ಮುಖ ತಿರುಗಿಸಿದೆ.

ವಠಾರದಲ್ಲಿ ಮಿಕ್ಕ ಮನೆಗಳ ಹೆಂಚು ತೆಗೆದಿದ್ದರು. ಒಂದು ಬಾಗಿಲು ಮಾತ್ರ ಮುಚ್ಚಿತ್ತು. ಚಿಲಕವಿರುವುದಿಲ್ಲ ಎಂದು ಗೊತ್ತಿದ್ದೂ ಮರ್ಯಾದೆಯವಳ ಹಾಗೆ ತಟ್ಟಿದೆ. ಒಳಗೆ ತಟ್ಟೆ ಬಿದ್ದ ಸದ್ದು. ಸೊಂಟ ನೋವಿನ ಆ ಹೆಂಗಸು ಓಡಿ ಬಂದರು.

‘ಬಂದ್ಯೇನೋ...’

ಆ ಮುಖವನ್ನು ನಾನು ನೋಡಬಾರದಿತ್ತು. ಹೇಳಿ ಬಂದಿದ್ದರೆ ಆಗುತ್ತಿರಲಿಲ್ಲವೇ? ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಅವರು ಪ್ರತಿ ಸಲ ಪುಸ್ತಕ ಬರುತ್ತಿದ್ದ ಸೀರೆ ಕವರ್ ನೋಡಿ ನನ್ನನ್ನು ಗುರುತು ಹಿಡಿದರು. ಒಳಗೆ ಕರೆದು ನೀರು ಕೊಟ್ಟರು. ಪುಸ್ತಕ ಮುಟ್ಟಲಿಲ್ಲ.

‘ಬರ್ಲಿಲ್ಲ ಅಲ್ವಾ?’ ಎಂದರು.

‘ಬರ್ಲಿಲ್ಲ ಅಕ್ಕಾ.’

‘ಅವಳು ಚಿಲಕ ಹಾಕಿದ್ಲಾ?’

‘ಹಾಕಿದ್ಲು.’

ಆಮೇಲೆ ನನಗೆ ಏನು ಬಂತೋ ಗೊತ್ತಿಲ್ಲ. ‘ಸುಟ್ಟಾಕ್ಬೇಕು ಈ ಪುಸ್ತಕನ! ಸಾಲಾಗಿ ಅಷ್ಟು ಸಲ ಕಾಪಾಡ್ದ, ಇದೊಂದ್ಸಲ ಕಾಪಾಡೋಕೆ ಏನ್ ಬಂದಿತ್ತು ಧಾಡಿ ಆ ದೇವರಿಗೆ?’ ಎಂದು ಕಿರುಚಿಬಿಟ್ಟೆ.

ಅವರು ಕಣ್ಣರಳಿಸಿ ನನ್ನನ್ನು ನೋಡಿದರು. ‘ಕಾಪಾಡ್ತಾನಲ್ಲ ಅಂತ ಇಷ್ಟು ದಿನ ಜಗಳ. ಈಗ ಕಾಪಾಡ್ಲಿಲ್ಲ ಅಂತ ಜಗಳ. ನನ್ ದೇವರಿಗೂ ನಿನ್ ಕಾಟ ತಪ್ಪಲಿಲ್ವಲ್ಲ’ ಎಂದು ನಕ್ಕರು. ನಗುತ್ತಾ ನಗುತ್ತಾ ಅಳತೊಡಗಿದರು. ನಾನೂ ಅತ್ತೆ. ಬಿದ್ದ ತಟ್ಟೆಯನ್ನು ತೊಳೆದು ನನಗೆ ಅದರಲ್ಲೇ ಅನ್ನ ಬಡಿಸಿದರು. ಅದು ತಮ್ಮನ ತಟ್ಟೆ ಎಂದು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಬಸ್ ಸ್ಟ್ಯಾಂಡಿನವರೆಗೆ ನನ್ನ ಜೊತೆ ಬಂದರು. ‘ಕೋಲಾರಕ್ಕೆ ಹೋಗ್ತೀನಿ. ಅವನು ಬಂದ್ರೆ ಎದುರಿನ ಬೇಕರಿಯವ್ರು ಫೋನ್ ಮಾಡ್ತೀನಿ ಅಂದವ್ರೆ. ಆದ್ರೆ ನಾನು ಬರೋವರೆಗೂ ಅವನು ಕೂತಿರ್ತಾನಾ? ಬಾಗಿಲಿಲ್ಲ ಅಂದ್ರೆ ಹೊರಟೇಬಿಡ್ತಾನೆ. ಬಸ್ ಅಂದ್ರೆ ಮಾತ್ರ ಹತ್ತಿ ಕೂತ್ಕೋತಾನೆ’ ಎಂದು ಪರ್ಸಿನಿಂದ ಒಂದು ಫೋಟೊ ತೆಗೆದರು.

ನಮ್ಮ ಬಸ್ಸಿನ ಕಂಡಕ್ಟರ್ ಮಾತು ಕೇಳಿಸಿಕೊಳ್ಳುತ್ತಿದ್ದ. ಫೋಟೊ ಈಸಿಕೊಂಡು ಟಿಕೆಟ್ ಚೀಲದಲ್ಲಿಟ್ಟ. ‘ಬೇಕರಿಯವ್ರಿಗೆ ನಾನ್ ಹೇಳ್ತೀನಿ, ನನ್ ಗಾಡಿಗೆ ಹತ್ತಿಸ್ಲಿ. ಪುಸ್ತಕ ತಲುಪ್ಸಿದೀನಿ, ಮನುಷ್ಯನ್ನ ತಲುಪ್ಸಲ್ವಾ? ಆದ್ರೆ ಕೋಲಾರಕ್ಕೆ ನನ್ ಗಾಡಿ ಹೋಗಲ್ಲಮ್ಮಾ.’

ಅಕ್ಕ ನನ್ನ ಮುಖ ನೋಡಿದರು.

‘ನಮ್ಮನೇಗೆ ತಂದ್ಬಿಡಪ್ಪ’ ಎಂದೆ.

ವಠಾರ ಈಗಿಲ್ಲ. ಅಕ್ಕನ ಪತ್ರಗಳು ಕೋಲಾರದಿಂದ ಬರುತ್ತವೆ. ಹೊಸ ಪುಸ್ತಕ ಶುರು ಮಾಡಿದ್ದೇವೆ, ಅದರ ಮೇಲೂ ಜಗಳ ನಡೆದಿದೆ. ಆ ಬಸ್ಸು ಬರುವ ಹೊತ್ತಿಗೆ ನಾನು ಒಂದು ಕಡೆ ನಿಲ್ಲುವುದಿಲ್ಲ. ಒಲೆ ಬಿಟ್ಟು ಬೀದಿಗೆ ಬರುತ್ತೇನೆ, ಮತ್ತೆ ಒಳಗೆ ಹೋಗುತ್ತೇನೆ. ನಮ್ಮ ಮಗ್ಗಗಳ ಸದ್ದಿಗೆ ಯಾರು ಬಾಗಿಲು ತಟ್ಟಿದರೂ ಕೇಳಿಸುವುದಿಲ್ಲ. ಅದಕ್ಕೇ ಹಗಲೆಲ್ಲ ಚಿಲಕ ಹಾಕುವುದನ್ನು ಬಿಟ್ಟಿದ್ದೇನೆ. ನಾಯಿ ನುಗ್ಗುತ್ತೆ ಕಣೇ ಎಂದು ಯಜಮಾನರು ಬೈಯುತ್ತಾರೆ. ನುಗ್ಗಲಿ.